14 ಲೀಟರ್ ಅಂದರು, 6 ಕೊಡುತ್ತಿದೆ: ಇದು ಮೋಸಾನಾ?

ಪ್ರಶ್ನೆ: ಮೇಡಂ, ಹೋದ ತಿಂಗಳು 72 ಸಾವಿರ ಕೊಟ್ಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ತಂದೆ. ಎರಡನೇ ಸೂಲು, ದಿನಕ್ಕೆ 14 ಲೀಟರ್ ಅಂದಿದ್ದರು. ಬೆಳಿಗ್ಗೆ ನೋಡಲು ಹೋದಾಗ ಕೆಚ್ಚಲು ಬಿಗಿದುಕೊಂಡಿತ್ತು, ಎದುರಿಗೇ ಕರೆದು ಬಕೆಟ್ ತುಂಬಿಸಿ ತೋರಿಸಿದರು. ಮನೆಗೆ ತಂದ ಮೇಲೆ ಎರಡೂ ಹೊತ್ತು ಸೇರಿ 6 ಲೀಟರ್ ದಾಟಿಲ್ಲ. ಹಿಂದಿನ ಸಂಜೆ ಹಾಲನ್ನೇ ಕರೆದಿರಲಿಲ್ಲವಂತೆ, ಅವರ ಪಕ್ಕದ ಮನೆಯವರು ಆಮೇಲೆ ಹೇಳಿದರು. ಒಂದು ತೊಟ್ಟಲ್ಲಿ ಹಾಲು ಗಡ್ಡೆಗಡ್ಡೆ ಬರುತ್ತದೆ. ಹಳೇ ಕೆಚ್ಚಲು ಬಾವು ಅಂತಾರೆ ಡಾಕ್ಟರ್. ಮಾರಿದವರನ್ನು ಕೇಳಿದರೆ 'ನೋಡ್ಕೊಂಡು ತಾನೇ ಹೊಡ್ಕೊಂಡು ಹೋಗಿದ್ದು' ಅಂತಾರೆ. ಇದು ಮೋಸಾನಾ, ನನ್ನ ದಡ್ಡತನಾನಾ?

ಉತ್ತರ (ವಕೀಲರು): ಎರಡೂ ಸ್ವಲ್ಪ ಸ್ವಲ್ಪ ಇದೆ ಅಣ್ಣ, ಬೇಜಾರಾಗಬೇಡಿ.

1872ರ ಒಪ್ಪಂದ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಉದಾಹರಣೆಗೆ ಅಂತ ಒಂದು ಕುದುರೆ ಬರುತ್ತದೆ. ಅದಕ್ಕೆ ಕಾಯಿಲೆ ಅಂತ ಗೊತ್ತಿದ್ದೂ ಯಜಮಾನ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಅದು ವಂಚನೆ ಅಲ್ಲ ಅನ್ನುತ್ತದೆ ಕಾನೂನು. ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ ಹೇಳಲೇಬೇಕು. ಇನ್ನೊಂದಿದೆ: 'ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದ್ಕೋತೀನಿ' ಅಂತ ಕೊಳ್ಳುವವನು ಹೇಳಿ, ಮಾರುವವನು ತುಟಿ ಬಿಚ್ಚದಿದ್ದರೆ, ಆ ಮೌನ ಮಾತಿಗೆ ಸಮ. ನೀವು ಬಾವಿನ ಬಗ್ಗೆ ಕೇಳಿದ್ರಾ? ಕೇಳದಿದ್ದರೆ ಆ ವಿಷಯ ನಿಮ್ಮ ಕೈಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಾಲು ಕರೆಯದೆ ಬಿಟ್ಟಿದ್ದು ಬೇರೆ. ಅದು ಸುಮ್ನೆ ಬಾಯಿ ಮುಚ್ಚಿಕೊಂಡಿದ್ದಲ್ಲ, ಬೇಕಂತಲೇ ನಿಜ ಮರೆಮಾಡಿದ್ದು. ಅದನ್ನು ಅದೇ ಸೆಕ್ಷನ್ ವಂಚನೆ ಅಂತಲೇ ಕರೆಯುತ್ತದೆ. 14 ಲೀಟರ್ ಅನ್ನುವುದು ಸುಳ್ಳು ಅಂತ ಅವರಿಗೆ ಗೊತ್ತಿದ್ದರೆ ಅದೂ ಅಷ್ಟೇ. ಆದರೆ ಜಾಗ, ಮೇವು ಬದಲಾದರೆ ಹಾಲು ಇಳಿಯುತ್ತದೆ ಅಂತ ಅವರ ಕಡೆಯವರು ಮೊದಲು ಹೇಳುತ್ತಾರೆ. ಸುಳ್ಳೂ ಅಲ್ಲ, ನಮ್ಮಪ್ಪನೂ ಹಸು ಕಟ್ಟಿದವರೇ. ಹಾಗಾಗಿ ಮಾರುವ ಮುಂಚೆ ಅವರು ಡೈರಿಗೆ ಎಷ್ಟು ಹಾಕುತ್ತಿದ್ದರು ಅನ್ನುವ ಲೆಕ್ಕ ಸಿಗುತ್ತಾ ನೋಡಿ. ನಿಮ್ಮ ಡೈರಿ ಪುಸ್ತಕ, ಡಾಕ್ಟರ್ ಚೀಟಿ ಇಟ್ಟುಕೊಳ್ಳಿ. ಹಸು ವಾಪಸ್ ತಗೊಳ್ಳಿ ಅಂತ ಈ ವಾರವೇ ನೋಟಿಸ್ ಕೊಡಿ. ಆರು ತಿಂಗಳು ಹಾಲು ಕರೆದುಕೊಂಡು ಆಮೇಲೆ ಬೇಡ ಅಂದರೆ ಯಾರೂ ಒಪ್ಪುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನಂದು ಶುಂಠಿ ವಿಷಯ ಮೇಡಂ. ಬೆಳೆದವನಿಗೆ 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆ. ರೇಟ್ ಏರಿತು, ಪುಣ್ಯಾತ್ಮ ಬೇರೆಯವರಿಗೆ ಮಾರಿದ. 420 ಹಾಕಬಹುದಾ?

ಉತ್ತರ (ವಕೀಲರು): 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ ಆ 420 ಹೋಗಿ ಭಾರತೀಯ ನ್ಯಾಯ ಸಂಹಿತೆಯ 318(4) ಬಂದಿದೆ. ಏಳು ವರ್ಷದವರೆಗೆ ಜೈಲು, ಜೊತೆಗೆ ದಂಡ. ಬೈಯುವವರ ಬಾಯಲ್ಲಿ ಮಾತ್ರ ಇನ್ನೂ 420ನೇ!

ನಿಮ್ಮ ಕೇಸಿನಂಥದ್ದೇ ಒಂದು ಉದಾಹರಣೆಯೂ ಆ ಸೆಕ್ಷನ್ನಿನಲ್ಲೇ ಇದೆ, ಶುಂಠಿ ಬದಲು ನೀಲಿ ಬಣ್ಣ ತೆಗೆಯುವ ಇಂಡಿಗೊ ಗಿಡ. ಕೊಡುವ ಮನಸ್ಸೇ ಇಲ್ಲದೆ ಮುಂಗಡ ತಗೊಂಡರೆ ವಂಚನೆ. ತಗೊಳ್ಳುವಾಗ ಕೊಡಬೇಕು ಅಂತಿದ್ದು, ಆಮೇಲೆ ಮಾತು ಮುರಿದರೆ ಬರೀ ಸಿವಿಲ್ ದಾವೆ. ನೀವು ದುಡ್ಡು ಕೊಟ್ಟ ದಿನ ಹೊಲದಲ್ಲಿ ಬೆಳೆ ಇತ್ತಾ?

ಪ್ರಶ್ನೆ: ಇತ್ತು. ನಾನೇ ಕಿತ್ತು ನೋಡಿದ್ದೆ.

ಉತ್ತರ (ವಕೀಲರು): ಹಾಗಾದರೆ ದುರಾಸೆ ಆಮೇಲೆ ಬಂದಿರೋದು. ಅದೇ ಶುಂಠಿ ತೋರಿಸಿ ಅವನು ಇನ್ನೂ ಇಬ್ಬರ ಹತ್ತಿರ ಮುಂಗಡ ಎತ್ತಿದ್ದ ಅಂತ ತೋರಿಸಿದರೆ ಕಥೆ ಬೇರೆ. ಇಲ್ಲದಿದ್ದರೆ ಸ್ಟೇಷನ್ ಅಲೆಯಬೇಡಿ. ವಸೂಲಿ ದಾವೆ ಹಾಕಿ, ಮೂರು ವರ್ಷದ ಗಡುವು ಮೀರದ ಹಾಗೆ.

ಮೊದಲು ಕೇಳಿದವರು: ಮೇಡಂ, 14 ಲೀಟರ್ ಅಂದ ವಾಯ್ಸ್ ಮೆಸೇಜ್ ಸಿಕ್ಕಿತು. ಆದರೆ ಅದು ದಲ್ಲಾಳಿದು.

ಉತ್ತರ (ವಕೀಲರು): ಅಳಿಸಬೇಡಿ. ಮಾರಿದವರ ಪರವಾಗಿ ಅವನು ಹೇಳಿದ್ದರೆ, ಅವರೇ ಹೇಳಿದ ಲೆಕ್ಕ. ಕಮಿಷನ್ ಯಾರು ಕೊಟ್ಟಿದ್ದು?

ಮೊದಲು ಕೇಳಿದವರು: ಇಬ್ಬರ ಹತ್ರಾನೂ ತಗೊಂಡಿದ್ದಾನೆ.

ಉತ್ತರ (ವಕೀಲರು): ಸರಿ, ಅವನು ಯಾರ ಮನುಷ್ಯ ಅನ್ನೋದೇ ಈಗ ಮೊದಲ ಜಗಳ. ನೋಟಿಸ್ ಇಬ್ಬರಿಗೂ ಕಳಿಸಿ.