ಸಹಾಯ ಬೇಕು: ಡಾಕ್ಸಿಸೈಕ್ಲಿನ್ ಆದಮೇಲೆ ಹಣೆ ತುಂಬ ತುರಿಕೆಯ ಗುಳ್ಳೆ

ಚರ್ಮದ ಡಾಕ್ಟರು, ಲ್ಯಾಬಿನವರು, ಮೆಡಿಕಲ್ ಶಾಪಿನವರು ಇದ್ದರೆ ದಯವಿಟ್ಟು ಹೇಳಿ. ನಮ್ಮ ಹುಡುಗನಿಗೆ 19 ವರ್ಷ. ಮೊಡವೆಗೆಂದು ಡಾಕ್ಸಿಸೈಕ್ಲಿನ್ (ಬ್ಯಾಕ್ಟೀರಿಯಾ ತಗ್ಗಿಸುವ ಆ್ಯಂಟಿಬಯಾಟಿಕ್ ಮಾತ್ರೆ) 100 ಮಿ.ಗ್ರಾಂ. ದಿನಕ್ಕೊಂದು, ಐದು ತಿಂಗಳು ನುಂಗಿದ್ದಾನೆ (ಮೂರ್ನಾಲ್ಕು ತಿಂಗಳಿಗೇ ನಿಲ್ಲಿಸಬೇಕಿತ್ತು). ಕೆನ್ನೆಯ ಕೀವಿನ ಮೊಡವೆ ಇಳಿದಿದೆ. ಈಗ ಹಣೆ, ಬೆನ್ನು, ಎದೆಯ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ. ಎಲ್ಲವೂ ಒಂದೇ ಅಳತೆ, ಬೆವರಿದರೆ ವಿಪರೀತ ತುರಿಕೆ. ಬ್ಲ್ಯಾಕ್‌ಹೆಡ್ ಒಂದೂ ಇಲ್ಲ. ಬ್ಯಾಕ್ಟೀರಿಯಾ ತಗ್ಗಿದ ಜಾಗದಲ್ಲಿ ಮಲಸೇಜಿಯಾ ಶಿಲೀಂಧ್ರ ಹೆಚ್ಚಿರಬೇಕೆಂಬ ಅನುಮಾನ. ತಲೆಗೆ ಹಚ್ಚುವ ಎಣ್ಣೆ ಹಣೆಗಿಳಿಯುವುದನ್ನು ನಿಲ್ಲಿಸಿದ್ದಾಯಿತು, ಎಣ್ಣೆಯೇ ಆ ಶಿಲೀಂಧ್ರದ ಊಟ. ಮುಖಕ್ಕೆ ಬಟ್ಟೆ ಸೋಪಿನಂಥ ಕ್ಷಾರದ ಸೋಪೂ ಬಂದ್, ಚರ್ಮದ ಪಿ.ಎಚ್. (ಆಮ್ಲ-ಕ್ಷಾರದ ಅಳತೆ) 5ರ ಆಸುಪಾಸು, ಸೋಪಿನದು 9-10.

ಕೇಳಬೇಕಾದ್ದು ಇಷ್ಟು. ಗುಳ್ಳೆ ಕೆರೆದು ಕೆ.ಒ.ಎಚ್. (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇದೆಯೇ ಎಂದು ನೋಡುವ ಪರೀಕ್ಷೆ ಹಾಸನದ ಸುತ್ತ ಎಲ್ಲಿ ಆಗುತ್ತದೆ? ಶಿಲೀಂಧ್ರ ತಡೆಯುವ ಕೆಟೊಕೊನಜೋಲ್ 2% ಶಾಂಪೂ ಗುಳ್ಳೆಯ ಮೇಲೆ ಐದು ನಿಮಿಷ ಬಿಟ್ಟು ತೊಳೆಯುವುದು ಸರಿ, ಆದರೆ ಎಷ್ಟು ವಾರ? ಮೊಡವೆಗೆ ಹಚ್ಚುವ ಬೆನ್‌ಝಾಯ್ಲ್ ಪೆರಾಕ್ಸೈಡ್ 2.5% ಜೆಲ್ ಎಲ್ಲಿ ಸಿಗುತ್ತದೆ? ಅಂಗಡಿಯವರು 5% ಕೊಡುತ್ತಾರೆ, ಉರಿ ಜಾಸ್ತಿ, ಟವೆಲ್ಲೂ ಬಿಳಿಚಿಕೊಳ್ಳುತ್ತದೆ.

ಹೊಟ್ಟೆಗೆ ಮನೆಯ ಮೊಸರು, ರಾಗಿ ಅಂಬಲಿ ನಡೆದಿದೆ; ವ್ಹೇ ಪುಡಿ (ಹಾಲಿನ ಪ್ರೋಟೀನ್ ಪುಡಿ) ಬಿಟ್ಟಿದ್ದಾನೆ. ದುಬಾರಿ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ) ಸ್ಯಾಶೆ ಬೇಕೇ? ಪುರಾವೆ ತೆಳುವಾಗಿದೆ ಎಂದೇ ನಮ್ಮ ಅನಿಸಿಕೆ.

ಸ್ಟೀರಾಯ್ಡ್ ಬೆರೆತ ಕ್ರೀಮಿನ ಹೆಸರು ಮಾತ್ರ ಬೇಡ. ಎರಡು ದಿನ ತುರಿಕೆ ಅಡಗಿಸಿ, ಗುಳ್ಳೆ ಇನ್ನಷ್ಟು ಹಬ್ಬಿಸುತ್ತದೆ.