ರೋಮನ್ ಅಂಕಿ ಬರೆದಾಯ್ತು, ನುಡಿಸೋದು ಮಾತ್ರ ಹಾಗೇ ಇದೆ

ಪ್ರಶ್ನೆ, ತುಮಕೂರಿನಿಂದ:
ಪಿಯಾನೋದಲ್ಲಿ ಶೋಪಾನ್‌ನ ಇ ಮೈನರ್ ಪ್ರಿಲ್ಯೂಡ್ ಅನ್ನೋ ಚಿಕ್ಕ ಪೀಸು (ಓಪಸ್ 28, ನಂಬರ್ 4) ಕಲೀತಿದೀನಿ. 25 ಬಾರ್‌ಗಳಿಗೂ (ತಾಳದ ಮನೆಗಳಿಗೂ) ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪಿನ ಹೆಸರನ್ನ ರೋಮನ್ ಅಂಕಿಯಲ್ಲಿ ಬರೆದಿದೀನಿ. ಆದ್ರೂ ಎಡಗೈ ಬರೀ ಟಕಟಕ ಅನ್ನುತ್ತೆ. ಈ ಅನಾಲಿಸಿಸ್ ಕೈಗೆ ಇಳಿಯೋದು ಹೇಗೆ?

ಉತ್ತರಗಳು, ಬೇರೆ ಬೇರೆ ಊರಿನ ಓದುಗರಿಂದ.

ಕೆಜಿಎಫ್:
ಆ ಅಂಕಿಗಳನ್ನ ಸದ್ಯಕ್ಕೆ ಮರೆತುಬಿಡಿ. ಇಲ್ಲಿ ಕಾರ್ಡ್ ಹುಟ್ಟೋದೇ ಒಂದೊಂದು ಸ್ವರ ಅರ್ಧ ಹೆಜ್ಜೆ (ಪಕ್ಕದ ಕೀಗೆ) ಕೆಳಗೆ ಜಾರೋದ್ರಿಂದ. ಎಡಗೈ ಕಾರ್ಡಿನ ಮೂರು ಸ್ವರಗಳನ್ನ ಮೂರು ಎಳೆ ಅಂದ್ಕೊಂಡು ಮೂರು ಬಣ್ಣದ ಪೆನ್ಸಿಲ್ ತಗೊಳ್ಳಿ, ಸ್ವರ ಬದಲಾದ ಕಡೆ ಮಾತ್ರ ಸುತ್ತು ಹಾಕಿ. ಇದಕ್ಕೆ ಪಿಯಾನೋ ಬೇಕಿಲ್ಲ, ಯಶವಂತಪುರದ ರೈಲಲ್ಲೇ ಮುಗಿಯುತ್ತೆ.

ಆಮೇಲೆ 1ರಿಂದ 12ನೇ ಬಾರ್‌ವರೆಗೆ ಒಂದೇ ಕಾರ್ಡನ್ನ ಮತ್ತೆ ಮತ್ತೆ ಒತ್ತೋ ರಿಪೀಟ್ ಎಲ್ಲ ಬಿಟ್ಟು, ಕಾರ್ಡ್ ಬದಲಾದಾಗ ಮಾತ್ರ ಒಂದ್ಸಲ ಒತ್ತಿ ಹಿಡೀರಿ. ಜಾರಿದ ಬೆರಳಿಗೆ ಕೂದಲೆಳೆಯಷ್ಟು ಹೆಚ್ಚು ಭಾರ, ಉಳಿದೆರಡು ಬೆರಳು ಕೀ ಬಿಟ್ಟು ಏಳಬಾರದು. ಅದು ಕಿವಿಗೆ ಬಿದ್ದ ಮೇಲೆ ರಿಪೀಟ್ ಸೇರಿಸಿ, ಪೆಡಲನ್ನೂ ಅದೇ ಸುತ್ತುಗಳಲ್ಲಿ ಬದಲಿಸಿ (ಎತ್ತಿ ಮತ್ತೆ ಒತ್ತಿ). ಹೆಚ್ಚಿನವರು ಎಡವೋದು ಇಲ್ಲೇ: ಸುತ್ತು ಕಂಡಲ್ಲೆಲ್ಲ ಆಕ್ಸೆಂಟ್ (ಜೋರು ಒತ್ತು) ಕೊಡ್ತಾರೆ, ಪೀಸು ಗುಂಡಿ ಬಿದ್ದ ರಸ್ತೆ ಆಗುತ್ತೆ.

ಚಿಂತಾಮಣಿ:
ಬಲಗೈ ಬಗ್ಗೆ. ಇ ಷಡ್ಜ ಅಂದ್ಕೊಂಡ್ರೆ ಶುರುವಿನ ಬಿ-ಸಿ-ಬಿ ಅನ್ನೋದು ಪಂಚಮ, ಶುದ್ಧ ಧೈವತ, ಪಂಚಮ. ಹಾಡಿ ನೋಡಿ, ಧೈವತ ತಾನಾಗೇ ವಾಲುತ್ತೆ. (ಗಮಕಕ್ಕೆ ಪಿಯಾನೋ ಒಪ್ಪಲ್ಲ, ಅದು ಬೇರೆ ಮಾತು.) ಪ್ರತಿ ಸಲವೂ ದನಿಗೆ ಒಂದೇ ಬಣ್ಣ ಬೇಡ, ಕೆಳಗಿನ ಕಾರ್ಡ್ ಬೇರೆ ಆಗಿರುತ್ತೆ. ಮತ್ತೆ, ಫೋರ್ಟೆ (ಜೋರಾಗಿ) ಬರೋದು 17ನೇ ಬಾರ್‌ನಲ್ಲಿ. ಮೊದಲ 12 ಬಾರ್‌ನಲ್ಲೇ ದನಿ ಖರ್ಚಾದ್ರೆ ಅಲ್ಲಿಗೆ ಏನೂ ಉಳಿಯಲ್ಲ.

ತಿಪಟೂರು:
ಕೀಬೋರ್ಡ್‌ನಲ್ಲಿ ಟಚ್ ರೆಸ್ಪಾನ್ಸ್ (ಒತ್ತಿದ ಬಲಕ್ಕೆ ತಕ್ಕ ದನಿ ಬರೋ ವ್ಯವಸ್ಥೆ) ಆಫ್ ಇದ್ರೆ ಮೇಲಿನದು ಯಾವುದೂ ಕೇಳಿಸಲ್ಲ. ಮೊದಲು ಅದನ್ನ ನೋಡಿ.

ಕೋಲಾರ:
ಅಂಕಿ ಪೂರ್ತಿ ದಂಡ ಅನ್ನೋದನ್ನ ಒಪ್ಪಲ್ಲ. 23ನೇ ಬಾರ್ ನೋಡಿ, ತಳದಲ್ಲಿ ಬಿ ಫ್ಲ್ಯಾಟ್. ಕಿವಿಗೆ ಅದು ಸಿ ಸೆವೆಂತ್ ಕಾರ್ಡ್, ಎಫ್ ಮೇಜರ್‌ಗೆ ಹೋಗೋ ಹಾಗೆ ಕೇಳುತ್ತೆ. ನಿಜಕ್ಕೂ ಆ ಬಿ ಫ್ಲ್ಯಾಟ್ ಎ ಶಾರ್ಪ್‌ನ (ಎರಡೂ ಒಂದೇ ಕೀ) ಕೆಲಸ ಮಾಡಿ ಬಿ ಕಡೆಗೆ ಎಳೆಯುತ್ತೆ, ಇಂಥ ಕಾರ್ಡಿಗೆ ಆಗ್ಮೆಂಟೆಡ್ ಸಿಕ್ಸ್ತ್ ಅಂತಾರೆ. ಇದು ಗೊತ್ತಿದ್ರೆ ಆ ಕಾರ್ಡನ್ನ 'ಮುಗೀತು' ಅನ್ನೋ ಹಾಗೆ ನುಡಿಸಲ್ಲ, ಪ್ರಶ್ನೆ ಥರ ಬಿಡ್ತೀರಿ. ಆ ಕಾರ್ಡ್ ಆದ ತಕ್ಷಣ ಬರೋ ಫರ್ಮಾಟಾ (ಬೇಕಾದಷ್ಟು ಹೊತ್ತು ತಡೆಯಿರಿ ಅನ್ನೋ ಗುರುತು) ಇರೋದು ಮೌನದ ಮೇಲೆ, ಅಲ್ಲಿ ಪೆಡಲ್ ಪೂರ್ತಿ ಮೇಲೆ ಬರಬೇಕು. ಕೊನೆಯ ಮೂರು ಕಾರ್ಡ್ ಪಿಯಾನಿಸಿಮೊ (ತುಂಬಾ ಮೆಲ್ಲಗೆ), ಎರಡನೆಯದರಲ್ಲಿ ಇ ಸ್ವರ ಡಿ ಶಾರ್ಪ್‌ಗೆ ಇಳಿಯೋದು ಕೇಳಿಸಿದ್ರೆ ಸಾಕು.