ಪಿತ್ತಕೋಶದ ಕಲ್ಲು, ಸೋರಿಯಾಸಿಸ್: ಮನೆಮದ್ದು ಎಲ್ಲಿಯವರೆಗೆ?

ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಕೊಡಗಿನ ಗುಂಪಿನಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡು ಕಾಯಿಲೆಗಳದ್ದು: ಪಿತ್ತಕೋಶದ ಕಲ್ಲು ಮತ್ತು ಸೋರಿಯಾಸಿಸ್. ಎರಡಕ್ಕೂ ನಾಟಿ ಮದ್ದು, ಮನೆಮದ್ದು ಏನಿದೆ ಅಂತಲೇ ಕೇಳಿದ್ದೀರಿ. ಎಲ್ಲವನ್ನೂ ಒಂದೇ ಕಡೆ ಉತ್ತರಿಸುತ್ತೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ನಾಪೋಕ್ಲು): ಡಾಕ್ಟ್ರೇ, ನನಗೆ 44 ವರ್ಷ. ಮದುವೆ ಊಟ ಮುಗಿಸಿ ಬಂದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ತಡೆಯಲಾಗದ ನೋವು ಬಂತು. ಬೆನ್ನಿನವರೆಗೂ ಹೋಯಿತು. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದೆ. ಎರಡು ಗಂಟೆ ಕಳೆದ ಮೇಲೆ ಕಡಿಮೆಯಾಯಿತು. ಸ್ಕ್ಯಾನ್‌ನಲ್ಲಿ 12 ಮಿಲಿಮೀಟರ್ ಕಲ್ಲು ಅಂತ ಬಂದಿದೆ, ಆಪರೇಷನ್ ಹೇಳಿದ್ದಾರೆ. ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆ ಅಂತ ಅತ್ತೆ ಹೇಳುತ್ತಾರೆ. ನಿಜವಾ?

ಉತ್ತರ: ಬಾಳೆದಿಂಡು ತಿನ್ನಿ, ಒಳ್ಳೆಯದೇ. ಆದರೆ ಈ ಕಲ್ಲು ಅದರಿಂದ ಕರಗುವುದಿಲ್ಲ ಅಮ್ಮ. ಬಾಳೆದಿಂಡು, ಹುರುಳಿ ಕಟ್ಟು ಎಲ್ಲ ನಮ್ಮಲ್ಲಿ ಕಿಡ್ನಿ ಕಲ್ಲಿಗೆ ಕೊಡುತ್ತಿದ್ದದ್ದು. ಕಿಡ್ನಿ ಕಲ್ಲು ಇರುವುದು ಮೂತ್ರದ ದಾರಿಯಲ್ಲಿ. ನೀರು ಚೆನ್ನಾಗಿ ಕುಡಿದರೆ ಸಣ್ಣ ಕಲ್ಲು ಜಾರಿ ಹೊರಗೆ ಬೀಳಬಹುದು. ಪಿತ್ತಕೋಶ ಆ ದಾರಿಯಲ್ಲೇ ಇಲ್ಲ. ಅದು ಲಿವರ್ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಈ ಚೀಲ ಅದರಲ್ಲಿ 30ರಿಂದ 50 ಮಿಲಿಯಷ್ಟನ್ನು ಗಟ್ಟಿ ಮಾಡಿ ಇಟ್ಟುಕೊಂಡು, ನಾವು ಜಿಡ್ಡಿನ ಊಟ ಮಾಡಿದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾದರೆ, ಚೀಲ ಸರಿಯಾಗಿ ಖಾಲಿಯಾಗದಿದ್ದರೆ, ಅಲ್ಲೇ ಹರಳುಗಟ್ಟುತ್ತದೆ. ನಾವು ಕುಡಿದ ಯಾವ ರಸವೂ ನೇರವಾಗಿ ಆ ಚೀಲದೊಳಗೆ ಹೋಗುವುದಿಲ್ಲ.

ನಮ್ಮ ಮದುವೆ ಊಟದಲ್ಲಿ ಪಂದಿಕರಿ (ಹಂದಿಮಾಂಸದ ಅಡುಗೆ) ಇದ್ದೇ ಇರುತ್ತದೆ, ಅಲ್ವಾ? ಕೊಬ್ಬು ಒಳಗೆ ಹೋದ ಕೂಡಲೇ ಚೀಲ ಹಿಂಡಿಕೊಳ್ಳುತ್ತದೆ. ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ, ನೋವು ಶುರುವಾಗುತ್ತದೆ. ಕಲ್ಲು ಹಿಂದಕ್ಕೆ ಜಾರಿದರೆ ನೋವು ನಿಲ್ಲುತ್ತದೆ. ನಿಮಗೂ ಆಗಿದ್ದು ಅದೇ. ನೋವು ತಾನಾಗಿ ನಿಂತರೂ ಹೆಸರು ಬರುವುದು ಆ ರಾತ್ರಿ ಕುಡಿದ ಮದ್ದಿಗೆ. ಪಿತ್ತಕೋಶದ ಮನೆಮದ್ದುಗಳ ಮೇಲೆ ಇಷ್ಟು ನಂಬಿಕೆ ಬೆಳೆದದ್ದು ಹೀಗೆಯೇ.

ಒಮ್ಮೆ ಈ ನೋವು ಬಂದವರಿಗೆ ಮತ್ತೆ ಬರುವುದೇ ಜಾಸ್ತಿ. ಕಲ್ಲು ಜಾರಿ ಪಿತ್ತರಸ ಹರಿಯುವ ನಾಳಕ್ಕೆ ಇಳಿದರೆ ಕಾಮಾಲೆ ಆಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಅದು ಜೀವಕ್ಕೇ ಅಪಾಯ. ಹಾಗಾಗಿ ನಿಮಗೆ ಆಪರೇಷನ್ ಹೇಳಿರುವುದು ಸರಿಯಾಗಿಯೇ ಇದೆ. ಈಗ ಹೊಟ್ಟೆ ದೊಡ್ಡದಾಗಿ ಕೊಯ್ಯುವುದಿಲ್ಲ. ಮೂರ್ನಾಲ್ಕು ಸಣ್ಣ ತೂತು ಮಾಡಿ ಚೀಲವನ್ನೇ ತೆಗೆಯುತ್ತಾರೆ. 1985ರಲ್ಲಿ ಜರ್ಮನಿಯಲ್ಲಿ ಶುರುವಾದ ವಿಧಾನ ಇದು. ಬರೀ ಕಲ್ಲು ತೆಗೆದು ಚೀಲ ಬಿಟ್ಟರೆ ಮತ್ತೆ ಕಲ್ಲು ಕಟ್ಟುತ್ತದೆ.

ಪ್ರಶ್ನೆ (ಕುಶಾಲನಗರ): ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿದೆ. ನೋವೇ ಇಲ್ಲ. ನಾನೂ ತೆಗೆಸಬೇಕಾ?

ಉತ್ತರ: ಬೇಕಾಗಿಲ್ಲ. ನೋವು ಕೊಡದ ಕಲ್ಲು ಹೆಚ್ಚಿನವರಲ್ಲಿ ಜೀವನವಿಡೀ ಸುಮ್ಮನೇ ಇರುತ್ತದೆ. ತುಂಬಾ ದೊಡ್ಡ ಕಲ್ಲು, ಚೀಲದ ಗೋಡೆ ಸುಣ್ಣಗಟ್ಟಿರುವುದು, ಗಡ್ಡೆ ಇರುವುದು, ಇಂಥ ಕೆಲವು ಸಂದರ್ಭ ಬೇರೆ. ನಿಮ್ಮ ರಿಪೋರ್ಟನ್ನು ಒಮ್ಮೆ ಸರ್ಜನ್‌ಗೆ ತೋರಿಸಿ, ಸಾಕು.

ಸಣ್ಣ ಕೊಲೆಸ್ಟ್ರಾಲ್ ಕಲ್ಲು ಕರಗಿಸುವ ಮಾತ್ರೆಯೂ ಇದೆ, ಉರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅಂತ. ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷ ತಿನ್ನಬೇಕು. ಕರಗಿದ ಮೇಲೂ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ಅದಕ್ಕೇ ಎಲ್ಲರಿಗೂ ಬರೆದುಕೊಡುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಸಿಕಲ್ ಸೆಲ್ ರಕ್ತಹೀನತೆ ಇರುವವರಿಗೆ ಎಳೆ ವಯಸ್ಸಿನಲ್ಲೇ ಪಿತ್ತಕೋಶದ ಕಲ್ಲು ಬರುತ್ತದೆ. ನಮ್ಮ ಜಿಲ್ಲೆಯ ಆದಿವಾಸಿ ಹಾಡಿಗಳಲ್ಲಿ ಈ ಕಾಯಿಲೆ ಇದೆ. ನಿಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹುಡುಗನೋ ಹುಡುಗಿಯೋ ಬಲಗಡೆ ಹೊಟ್ಟೆನೋವು, ಕಣ್ಣು ಹಳದಿ ಅಂದರೆ ಮಾತ್ರೆ ಕೊಟ್ಟು ಕಳಿಸಬೇಡಿ. ದಯವಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ವಿರಾಜಪೇಟೆ): ನೀವು ಕರಗಲ್ಲ ಅಂತೀರಿ. ನಮ್ಮ ಭಾವ ಒಂದು ದಿನ ಉಪವಾಸ ಇದ್ದು, ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರು. ಬೆಳಗ್ಗೆ ಹಸಿರು ಕಲ್ಲುಗಳು ಬಿದ್ದವು. ಫೋಟೋ ಕಳಿಸಿದ್ದಾರೆ. ಇದಕ್ಕೆ ಏನಂತೀರಿ?

ಉತ್ತರ: ಫೋಟೋ ನೋಡಿದೆ. ಅವರು ಸುಳ್ಳು ಹೇಳುತ್ತಿಲ್ಲ, ಏನೋ ಬಿದ್ದಿರುವುದು ನಿಜ. ಆದರೆ ಅದು ಪಿತ್ತಕೋಶದಿಂದ ಬಂದದ್ದಲ್ಲ. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ನ್ಯೂಜಿಲೆಂಡಿನ ವೈದ್ಯರು ಒಬ್ಬ ಮಹಿಳೆ ತಂದು ಕೊಟ್ಟ ಹಸಿರು "ಕಲ್ಲು"ಗಳನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ, ಪಿತ್ತದ ಬಣ್ಣ ಇಲ್ಲ, ಕ್ಯಾಲ್ಸಿಯಂ ಇಲ್ಲ. 40 ಡಿಗ್ರಿಗೆ ಬಿಸಿ ಮಾಡಿದರೆ ಹತ್ತು ನಿಮಿಷದಲ್ಲಿ ಹಸಿರು ಎಣ್ಣೆಯಾಗಿ ಕರಗಿಹೋಯಿತು. ಕುಡಿದ ಎಣ್ಣೆ ಮತ್ತು ನಿಂಬೆರಸವೇ ಹೊಟ್ಟೆಯೊಳಗೆ ಸೇರಿ ಸಾಬೂನಿನ ಉಂಡೆ ಕಟ್ಟಿತ್ತು.

ಭಾವನವರಿಗೆ ಮತ್ತೆ ಒಂದು ಸ್ಕ್ಯಾನ್ ಮಾಡಿಸಲು ಹೇಳಿ. ಮೊದಲಿನ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಲಿ. ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಹಾಲು ಹಾಕಿದ ಕಾಫಿ ಕುಡಿದರೂ ಚೀಲ ಹಿಂಡಿಕೊಂಡು ಸರಿಯಾಗಿ ಕಾಣುವುದಿಲ್ಲ. ಕಲ್ಲು ಇರುವವರು ಅಷ್ಟೊಂದು ಎಣ್ಣೆ ಒಂದೇ ಸಲ ಕುಡಿದರೆ ಕಲ್ಲು ನಾಳಕ್ಕೆ ಜಾರಬಹುದು. ಇನ್ನೊಬ್ಬರಿಗೆ ಇದನ್ನು ಹೇಳಿಕೊಡಬೇಡಿ.

ಪ್ರಶ್ನೆ (ಗೋಣಿಕೊಪ್ಪ): ಕಾಫಿ ಬಿಡಬೇಕಾ? ಅರಿಸಿನ ಒಳ್ಳೆಯದಾ? ಆಪಲ್ ಸೈಡರ್ ವಿನೆಗರ್ ಬದಲು ಕಾಚಂಪುಳಿ ಕುಡಿಯಬಹುದಾ?

ಉತ್ತರ: ಕಾಫಿ ಬೆಳೆಯುವ ನಾಡಿನವರಿಗೆ ಒಳ್ಳೆಯ ಸುದ್ದಿಯೇ ಇದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವ ಗಂಡಸರಲ್ಲಿ ತೊಂದರೆ ಕೊಡುವ ಪಿತ್ತಕೋಶದ ಕಲ್ಲು ಕಡಿಮೆ ಕಂಡಿತ್ತು. ಆದರೆ ಅದು ಕಲ್ಲು ಇಲ್ಲದವರ ಮಾತು. ಕಾಫಿ ಚೀಲವನ್ನು ಹಿಂಡುತ್ತದೆ. ಈಗಾಗಲೇ ಕಲ್ಲಿದ್ದು, ಕಾಫಿ ಕುಡಿದ ಮೇಲೆ ನೋವು ಬರುತ್ತಿದ್ದರೆ ಕಡಿಮೆ ಮಾಡಿ.

ಅರಿಸಿನವೂ ಹಾಗೆಯೇ. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಸಿನಕ್ಕೆ ಹೆದರಬೇಡಿ. ಅರಿಸಿನದ ಸಾರ ತೆಗೆದು ಮಾಡಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ಕಲ್ಲು ಇರುವವರು ತೆಗೆದುಕೊಳ್ಳಬಾರದು.

ಕಾಚಂಪುಳಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಹುಳಿ ಅದು. ಒಂದು ಪಾತ್ರೆ ಮಾಂಸಕ್ಕೆ ಒಂದೆರಡು ಚಮಚ ಸಾಕು, ಅಷ್ಟು ತೀಕ್ಷ್ಣ. ಅಡುಗೆಗೆ ಧಾರಾಳ ಹಾಕಿ. ಖಾಲಿ ಹೊಟ್ಟೆಗೆ ಕುಡಿದರೆ ಹೊಟ್ಟೆ ಉರಿ, ಹಲ್ಲು ಹಾಳು, ಕಲ್ಲಿಗೆ ಏನೂ ಆಗುವುದಿಲ್ಲ. ಇದೇ ಜಾತಿಯ ಹಣ್ಣಿನಿಂದ ಮಾಡಿ "ತೂಕ ಇಳಿಸುವ ಗಾರ್ಸೀನಿಯಾ" ಅಂತ ಮಾರುವ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ಉದಾಹರಣೆಗಳು ವರದಿಯಾಗಿವೆ. ಅದು ಬೇಡವೇ ಬೇಡ.

ತೂಕ ಇಳಿಸುವವರು ಕೂಡ ನಿಧಾನಕ್ಕೆ ಇಳಿಸಿ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿದರೆ ಹೊಸ ಕಲ್ಲು ಕಟ್ಟುವ ಸಂಭವ ಹೆಚ್ಚು. ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನದವರೆಗೆ ಬರೀ ಕಾಫಿಯಲ್ಲಿ ಇರುವುದೂ ಚೀಲಕ್ಕೆ ಒಳ್ಳೆಯದಲ್ಲ. ಹೊತ್ತು ಹೊತ್ತಿಗೆ ಊಟ, ಸೊಪ್ಪು, ಕಾಳು, ದಿನಾ ನಡಿಗೆ. ಪಿತ್ತಕೋಶಕ್ಕೆ ನಿಜವಾದ ಮನೆಮದ್ದು ಇಷ್ಟೇ, ಅದೂ ಕಲ್ಲು ಬರದಂತೆ ತಡೆಯುವುದಕ್ಕೆ.

ಪ್ರಶ್ನೆ (ಸೋಮವಾರಪೇಟೆ): ನನ್ನ ಯಜಮಾನರಿಗೆ 38. ಮೊಣಕೈ, ಮಂಡಿ, ತಲೆಯಲ್ಲಿ ಬಿಳಿ ಹೊಟ್ಟು ಏಳುವ ಕೆಂಪು ಕಲೆ. ಸೋರಿಯಾಸಿಸ್ ಅಂದಿದ್ದಾರೆ. ಮಳೆಗಾಲದಲ್ಲಿ ಜಾಸ್ತಿ. ಮನೆಯಲ್ಲಿ ಟವೆಲ್, ತಟ್ಟೆ ಬೇರೆ ಇಟ್ಟಿದ್ದಾರೆ. ಕಣ್ಣೂರಿನಿಂದ ದಂತಪಾಲ ಎಣ್ಣೆ ತರಿಸಿದ್ದೇವೆ. ಹಚ್ಚಬಹುದಾ?

ಉತ್ತರ: ಮೊದಲು ಆ ತಟ್ಟೆ, ಟವೆಲ್ ವಾಪಸ್ ಒಟ್ಟಿಗೇ ಇಡಿ. ಸೋರಿಯಾಸಿಸ್ ಅಂಟುವ ಕಾಯಿಲೆ ಅಲ್ಲ. ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಮಲಗಿದರೂ ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಅವಸರ ಮಾಡಿಸುತ್ತದೆ. ಸುಮಾರು ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ಮೂರರಿಂದ ಐದು ದಿನಕ್ಕೇ ಮೇಲೆ ಬಂದು ಹೊಟ್ಟಾಗಿ ಉದುರುತ್ತದೆ. ಮನೆಯವರೇ ದೂರ ಇಟ್ಟರೆ ಅವರಿಗೆ ಆಗುವ ನೋವಿನಿಂದಲೇ ಇದು ಜಾಸ್ತಿಯಾಗುತ್ತದೆ. ಮನಸ್ಸಿನ ಒತ್ತಡ ಇದಕ್ಕೆ ದೊಡ್ಡ ಕಾರಣ.

ಮಳೆಗಾಲದಲ್ಲಿ ಏರುವುದಕ್ಕೂ ಕಾರಣ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬಿಸಿಲು ಎಲ್ಲಿದೆ? ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಸೋರಿಯಾಸಿಸ್ ಕಡಿಮೆ ಮಾಡುತ್ತದೆ. ಅದರ ಜೊತೆಗೆ ಹಂಡೆಯ ಸುಡುನೀರು, ಸಾಬೂನು, ಮೈಗೆ ಉಜ್ಜುವ ಉಣ್ಣೆ ಸ್ವೆಟರ್. ನೀರು ಉಗುರುಬೆಚ್ಚಗಿರಲಿ. ಮೈ ಒರೆಸಿ ಇನ್ನೂ ಪಸೆ ಇರುವಾಗಲೇ ಎಣ್ಣೆ ಹಚ್ಚಲಿ, ಒಣಗಿದ ಮೇಲೆ ಅಲ್ಲ. ಒಳಗಿನಿಂದ ಹತ್ತಿ ಬಟ್ಟೆ ಹಾಕಿಕೊಂಡು ಮೇಲೆ ಸ್ವೆಟರ್ ಹಾಕಲಿ.

ದಂತಪಾಲ ಎಣ್ಣೆ ಹಚ್ಚಬಹುದು. ದಂತಪಾಲದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದೇ ಇದು. ಹೊಟ್ಟು ಮೆತ್ತಗಾಗುತ್ತದೆ, ತುರಿಕೆ ಕಡಿಮೆಯಾಗುತ್ತದೆ. ಮೊದಲು ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ತಲೆಗೆ ರಾತ್ರಿ ಹಚ್ಚಿ, ಬೆಳಗ್ಗೆ ಮೆತ್ತಗೆ ಬಾಚಿ ತೆಗೆಯಲಿ. ಕೆರೆದು ಕೀಳಬಾರದು. ಗಾಯವಾದ ಜಾಗದಲ್ಲೇ ಹೊಸ ಕಲೆ ಏಳುತ್ತದೆ. ಕಾಫಿ ಕುಯ್ಲಿನಲ್ಲಿ ರೆಂಬೆ ಗೀರಿದ ಗೆರೆಯ ಉದ್ದಕ್ಕೂ ಸೋರಿಯಾಸಿಸ್ ಸಾಲಾಗಿ ಎದ್ದಿರುವುದನ್ನು ನಾನು ನೋಡಿದ್ದೇನೆ. ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಲಿ.

ಒಂದು ಪ್ರಶ್ನೆ ಅವರನ್ನೇ ಕೇಳಿ: ಬೆಳಗ್ಗೆ ಎದ್ದಾಗ ಬೆರಳು, ಹಿಮ್ಮಡಿ ಬಿಗಿಯಾಗಿರುತ್ತದಾ? ಸೋರಿಯಾಸಿಸ್ ಇರುವ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಕೀಲಿಗೂ ಬರುತ್ತದೆ. ಅದಕ್ಕೆ ಎಣ್ಣೆ ಸಾಲುವುದಿಲ್ಲ. ಬಿಟ್ಟರೆ ಕೀಲು ಸೊಟ್ಟಗಾಗುತ್ತದೆ, ಆಮೇಲೆ ನೆಟ್ಟಗೆ ಮಾಡಲು ಆಗುವುದಿಲ್ಲ. ಕುಡಿತ, ಸಿಗರೇಟು ಇದ್ದರೆ ಬಿಡಲಿ. ಇವೆರಡನ್ನೂ ಬಿಡುವುದು ಯಾವ ಸೊಪ್ಪಿಗಿಂತಲೂ ದೊಡ್ಡ ಮದ್ದು.

ಪ್ರಶ್ನೆ (ಸಿದ್ದಾಪುರ): ಮೆಡಿಕಲ್‌ನಲ್ಲಿ ಕೊಟ್ಟ ಒಂದು ಟ್ಯೂಬ್ ಹಚ್ಚಿದರೆ ವಾರದಲ್ಲಿ ಮಾಯ. ಬಿಟ್ಟರೆ ಎರಡರಷ್ಟು ಬರುತ್ತದೆ. ಈಗ ಒಬ್ಬರು ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ಕೂರಿ ಅಂದಿದ್ದಾರೆ.

ಉತ್ತರ: ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವ ಸಂಭವವೇ ಜಾಸ್ತಿ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಚರ್ಮದ ಡಾಕ್ಟರ್ ಲೆಕ್ಕ ಹಾಕಿ ಕೊಟ್ಟರೆ ಒಳ್ಳೆಯ ಮದ್ದು. ನಾವೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮೈತುಂಬಾ ಹಚ್ಚಿ ಥಟ್ಟನೆ ಬಿಟ್ಟರೆ ಕೀವುಗುಳ್ಳೆಯ ಸೋರಿಯಾಸಿಸ್ ಏಳಬಹುದು, ಅದಕ್ಕೆ ಆಸ್ಪತ್ರೆಗೆ ಸೇರಬೇಕಾಗುತ್ತದೆ. ಹೆಸರು, ವಿಳಾಸ ಇಲ್ಲದ ಡಬ್ಬಿಯಲ್ಲಿ ಬರುವ "ನಾಟಿ ಮುಲಾಮು" ಎರಡೇ ದಿನಕ್ಕೆ ಗುಣ ಕಂಡರೆ ಅದರಲ್ಲೂ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಅನುಮಾನ ಪಡಿ.

ಬಾವಂಚಿಯಲ್ಲಿ ಸೋರಾಲೆನ್ ಇದೆ. ಚರ್ಮ ಬಿಸಿಲನ್ನು ಜಾಸ್ತಿ ಹಿಡಿಯುವಂತೆ ಅದು ಮಾಡುತ್ತದೆ. ಆಸ್ಪತ್ರೆಯಲ್ಲಿ ಸೋರಾಲೆನ್ ಕೊಟ್ಟು, ಕಿರಣವನ್ನು ಅಳೆದು ಬಿಡುತ್ತಾರೆ. ಮನೆಯಲ್ಲಿ ಅಳತೆ ಇಲ್ಲ. ಬೊಬ್ಬೆ ಎದ್ದು ಸುಟ್ಟ ಗಾಯವಾಗುತ್ತದೆ. ಬೇಡ. ಬರೀ ಎಳೆಬಿಸಿಲು ಹತ್ತು ನಿಮಿಷ ಸಾಕು.

ಸೋಮವಾರಪೇಟೆಯ ಆಯುರ್ವೇದ ವೈದ್ಯರೊಬ್ಬರು ಸೇರಿಸಿದ್ದು: ಒಂದು ಎಚ್ಚರಿಕೆ ನಾನೂ ಹೇಳಬೇಕು. ಸೋರಿಯಾಸಿಸ್‌ಗೆ ಪಂಚಕರ್ಮ ಮಾಡುವ ಮೊದಲು ಸ್ನೇಹಪಾನ ಕೊಡುತ್ತೇವೆ. ಅಂದರೆ ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಖಾಲಿ ಹೊಟ್ಟೆಗೆ ಔಷಧಿ ತುಪ್ಪ. ಪಿತ್ತಕೋಶದಲ್ಲಿ ಕಲ್ಲು ಇರುವವರು ಅದನ್ನು ಮುಚ್ಚಿಡಬೇಡಿ, ಸ್ಕ್ಯಾನ್ ರಿಪೋರ್ಟ್ ತನ್ನಿ.

ಉತ್ತರ: ಬಹಳ ಮುಖ್ಯ ಮಾತು, ಧನ್ಯವಾದ. ಅಷ್ಟು ತುಪ್ಪ ಒಳಗೆ ಹೋದರೆ ಚೀಲ ಜೋರಾಗಿ ಹಿಂಡುತ್ತದೆ. ಎರಡೂ ಕಾಯಿಲೆ ಒಬ್ಬರಿಗೇ ಇರುವುದು ಅಪರೂಪವೂ ಅಲ್ಲ, ಯಾಕೆಂದರೆ ತೂಕ ಮತ್ತು ಸಕ್ಕರೆ ಕಾಯಿಲೆ ಎರಡರ ಜೊತೆಗೂ ಬರುತ್ತವೆ. ಹಾಗೆಯೇ ಸೋರಿಯಾಸಿಸ್‌ಗೆ ಮೆಥೋಟ್ರೆಕ್ಸೇಟ್ ಮಾತ್ರೆ ತಿನ್ನುವವರು ಅದನ್ನು ವಾರಕ್ಕೆ ಒಂದೇ ದಿನ ತಿನ್ನಬೇಕು, ದಿನಾ ಅಲ್ಲ. ಜೊತೆಗೆ ಯಾವ ಕಷಾಯ ಕುಡಿಯುತ್ತಿದ್ದರೂ ಡಾಕ್ಟರ್‌ಗೆ ಹೇಳಿ, ಎರಡೂ ಸೇರಿ ಲಿವರ್‌ಗೆ ಪೆಟ್ಟಾಗಬಹುದು.

ಪ್ರಶ್ನೆ (ಮೂರ್ನಾಡು): ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ವರ್ಷಪೂರ್ತಿ ಕಾಯಿಲೆ ಇಲ್ಲ ಅಂತಾರೆ. ಇವೆರಡಕ್ಕೂ ಆಗುತ್ತದಾ?

ಉತ್ತರ: ಆಗಸ್ಟ್ 3ರಂದು ನಮ್ಮ ಮನೆಯಲ್ಲೂ ಮಾಡುತ್ತೇವೆ. ಸೊಪ್ಪು ಕುದಿಸಿದ ನೀರಿನ ಆ ಕಡುನೇರಳೆ ಬಣ್ಣ, ಆ ಪರಿಮಳ ಇಲ್ಲದೆ ನನಗೆ ಮಳೆಗಾಲ ಮಳೆಗಾಲ ಅನಿಸುವುದಿಲ್ಲ. ಸಂತೋಷವಾಗಿ ತಿನ್ನಿ. ಆದರೆ ಅದರಿಂದ ಕಲ್ಲು ಕರಗುತ್ತದೆ, ಸೋರಿಯಾಸಿಸ್ ಹೋಗುತ್ತದೆ ಅಂತ ಮಾತ್ರೆ ಬಿಡಬೇಡಿ.

ಮದ್ದುಸೊಪ್ಪು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಗೊತ್ತೇ ಇದೆ. ಅದು ಸೊಪ್ಪಿನ ಬಣ್ಣ, ತಾನಾಗಿ ಹೋಗುತ್ತದೆ. ಆದರೆ ಕಲ್ಲು ಇರುವವರಿಗೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗಿ, ಮಲ ಬಿಳಿಚಿಕೊಂಡರೆ ಅದು ಸೊಪ್ಪಿನದ್ದಲ್ಲ, ಕಲ್ಲು ನಾಳ ಮುಚ್ಚಿರುವುದು. ಚಳಿಜ್ವರ ಬಂದರೆ, ನೋವು ಐದಾರು ಗಂಟೆ ಕಳೆದರೂ ನಿಲ್ಲದಿದ್ದರೆ, ವಾಂತಿ ತಡೆಯದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಮಳೆಗೆ ರಸ್ತೆ ಕೆಡುವ ಕಡೆ ಇರುವವರು ಇನ್ನೂ ಬೇಗ ಹೊರಡಿ.

ಪ್ರಶ್ನೆ (ನಾಪೋಕ್ಲು, ಮೊದಲು ಕೇಳಿದವರೇ): ಸರಿ ಡಾಕ್ಟ್ರೇ, ಆಪರೇಷನ್‌ಗೆ ಒಪ್ಪಿದ್ದೇನೆ. ಆಮೇಲೆ ಪಂದಿಕರಿ ತಿನ್ನಲೇಬಾರದಾ?

ಉತ್ತರ: ತಿನ್ನಬಹುದು ಅಮ್ಮ. ಚೀಲ ಇಲ್ಲದಿದ್ದರೂ ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರ ಕರುಳಿಗೆ ಇಳಿಯುತ್ತದೆ. ಮೊದಲ ಕೆಲವು ವಾರ ಜಿಡ್ಡು ಕಡಿಮೆ ಮಾಡಿ. ಕೆಲವರಿಗೆ ಭೇದಿಯಾಗುತ್ತದೆ, ಹೆಚ್ಚಿನವರಿಗೆ ಅದು ತಾನಾಗಿ ಸರಿಹೋಗುತ್ತದೆ. ಆಮೇಲೆ ಎರಡು ತುಂಡಿನಿಂದ ಶುರುಮಾಡಿ, ಕೊಬ್ಬಿನ ಭಾಗ ಬದಿಗಿಡಿ. ಹೊಟ್ಟೆ ಒಪ್ಪಿದರೆ ಮುಂದಿನ ಸಲ ಸ್ವಲ್ಪ ಜಾಸ್ತಿ ಹಾಕಿಸಿಕೊಳ್ಳಿ.